ಅರ್ಧ ಸಂಬಳದ ಮನೆ

ಸೆಪ್ಟೆಂಬರ್ 7, ಭಾನುವಾರ

ಇವತ್ತೂ ಒಂದು ಡಬ್ಬ ಬಂತು. ಭಾನುವಾರವಾದರೂ ಈ ಡೆಲಿವರಿಯವರಿಗೆ ಬಿಡುವಿಲ್ಲ. "ಅಂಕಲ್‌ಜೀ, ಓಟಿಪಿ ಬತಾಯಿಯೇ" ಅಂತ ಬಾಗಿಲಲ್ಲಿ ನಿಂತ. ಯಾವ ಓಟಿಪಿ, ಯಾರ ಓಟಿಪಿ ಅಂತ ನಾನು ಕೇಳುವಷ್ಟರಲ್ಲಿ ಅಹಲ್ಯಾ ಒಳಗಿನಿಂದ ಓಡಿಬಂದಳು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಫೋನು ನೋಡಿ ನಂಬರು ಹೇಳಿ, ಡಬ್ಬ ತೆಗೆದುಕೊಂಡು ಮಂಚದ ಕೆಳಗೆ ತಳ್ಳಿದಳು. ಅಲ್ಲಿ ಆಗಲೇ ಎರಡಿವೆ.

"ಏನದು?" ಅಂದೆ.

"ಘಾಜಿಯಾಬಾದಿಗೆ ಹೋದ ಮೇಲೆ ಬೇಕಾಗುತ್ತೆ."

ಮುಂದೆ ಕೇಳಲಿಲ್ಲ. ಕೇಳಿದರೆ ಜಗಳ. ಆಫೀಸಿನಲ್ಲಿ ಹೇಳಿಕೊಂಡರೆ ನಗೆಪಾಟಲು. ಅದಕ್ಕೇ ಯಾರೋ ಹೊಸ ವರ್ಷಕ್ಕೆ ಕೊಟ್ಟು ಖಾಲಿ ಬಿದ್ದಿದ್ದ ಈ ಡೈರಿಯನ್ನು ಹುಡುಕಿ ತೆಗೆದಿದ್ದೇನೆ. ಇಲ್ಲಿ ಹೇಳಿಕೊಂಡರೆ ಎದುರು ಮಾತಾಡುವವರಿಲ್ಲ.

ನವೆಂಬರ್ ಕೊನೆಗೆ ನಾನು ನಿವೃತ್ತ. ಡಿಸೆಂಬರಿನಿಂದ ಬರುವುದು ಪಿಂಚಣಿ, ಅಂದರೆ ಹೆಚ್ಚುಕಡಿಮೆ ಈಗಿನದರ ಅರ್ಧ. ದಿಲ್ಲಿಯ ಈ ಸರ್ಕಾರಿ ಕ್ವಾರ್ಟರ್ಸು, ಬಾಗಿಲ ಮುಂದಿನ ಬೇವಿನ ಮರ, ನಡೆದುಕೊಂಡೇ ಹೋಗಬಹುದಾದ ಮೆಟ್ರೋ ಎಲ್ಲ ಬಿಟ್ಟು ಘಾಜಿಯಾಬಾದಿನಲ್ಲಿ ಸಾಲ ಮಾಡಿ ಕೊಂಡ ಎರಡು ಕೋಣೆಯ ಫ್ಲ್ಯಾಟಿಗೆ ಹೋಗಬೇಕು. ಆದಾಯ ಇಳಿಯುತ್ತದೆ ಅಂತ ಗೊತ್ತಿರುವ ಮನೆಯಲ್ಲಿ ಕೈ ಬಿಗಿ ಹಿಡಿಯಬೇಕೋ ಬೇಡವೋ? ಇಲ್ಲಿ ಎಲ್ಲಾ ಉಲ್ಟಾ. ಮೂವತ್ತು ವರ್ಷ ಒಂದು ಲೋಟ ಹೆಚ್ಚಿಗೆ ಕೊಳ್ಳದ ಹೆಂಡತಿಗೆ ಈಗ ಕೊಳ್ಳುವ ಹುಚ್ಚು ಹಿಡಿದಿದೆ. ಟಿವಿಯಲ್ಲಿ ಸೇಲು, ಪೇಪರಿನಲ್ಲಿ ಸೇಲು, ಮೆಟ್ರೋ ಕಂಬದ ಮೇಲೆ ಸೇಲು. ಆ ಹೇಸಿಗೆ ಈಗ ನನ್ನ ಮಂಚದ ಕೆಳಗೂ ಬಂದು ಕೂತಿದೆ.

ನನಗಿರುವುದು ಒಂದೇ ಭಯ. ಕೊನೆಗಾಲದಲ್ಲಿ ಮಗಳ ಮುಂದೆ ಕೈಚಾಚುವ ಹಾಗಾಗಬಾರದು. ಇನ್ನೊಬ್ಬರ ಎದುರು ಕೈಚಾಚಿ ನಿಲ್ಲುವುದಕ್ಕಿಂತ ಅಸಹ್ಯವಾದದ್ದು ಲೋಕದಲ್ಲಿ ಇನ್ನೊಂದಿಲ್ಲ.

ಸೆಪ್ಟೆಂಬರ್ 10, ಬುಧವಾರ

ಜಂಟಿ ನಿರ್ದೇಶಕರ ಮೀಟಿಂಗಿನ ನಡುವೆ ಫೋನು ಟಣ್ ಅಂದಿತು. ನಮ್ಮದು ಜಂಟಿ ಖಾತೆ, ಅಹಲ್ಯಾಳ ಹತ್ತಿರ ಒಂದು ಕಾರ್ಡಿದೆ. ಅವಳು ಅಲ್ಲಿ ಖರ್ಚು ಮಾಡಿದರೆ ಇಲ್ಲಿ ನನ್ನ ಜೇಬು ಕೂಗುತ್ತದೆ. ಐದು ನಿಮಿಷಕ್ಕೆ ಮತ್ತೆ ಟಣ್. ಎಲ್ಲರೂ ನನ್ನ ಕಡೆ ನೋಡಿದರು. "ಮುರಳೀಧರ್‌ಜೀ, ಈಗಲೇ ಪಾರ್ಟಿ ತಯಾರಿಯಾ?" ಅಂತ ಒಬ್ಬ ಹಲ್ಲುಕಿರಿದ.

ಫೋನನ್ನು ಕಡತದ ಕೆಳಗೆ ಒತ್ತಿಟ್ಟುಕೊಂಡೆ.

ಸೆಪ್ಟೆಂಬರ್ 14, ಭಾನುವಾರ

ರೋಹಿಣಿ ಬಡಾವಣೆಯಲ್ಲಿರುವ ಕೃಷ್ಣಮೂರ್ತಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಅವನು ನಮ್ಮ ಸೆಕ್ಷನ್ನಿನವನೇ, ಹೋದ ವರ್ಷ ನಿವೃತ್ತನಾದ. ಕೆಲಸದಲ್ಲಿದ್ದಾಗ ಕ್ಯಾಂಟೀನಿನಲ್ಲಿ ಕಂಡಕಂಡವರಿಗೆಲ್ಲ ಸಮೋಸ ತಿನ್ನಿಸುತ್ತಿದ್ದ ಮನುಷ್ಯ. ಈಗ ಎಷ್ಟು ಬದಲಾಗಿದ್ದಾನೆ! ನೋಡಿ ಸಂತೋಷವಾಯಿತು.

ನಾವು ಊಟ ಮುಗಿಸಿ ಕೂತಿದ್ದಾಗ ಇಸ್ತ್ರಿಯವನು ಬಂದ. ಕೃಷ್ಣಮೂರ್ತಿಯ ಹೆಂಡತಿ ಸಂಯುಕ್ತಾ ಬಂದು ಗಂಡನ ಎದುರು ನಿಂತರು. "ರೀ, ಇಸ್ತ್ರಿ ದುಡ್ಡು."

"ಎಷ್ಟು ಬಟ್ಟೆ?"

"ಹನ್ನೊಂದು."

"ಅದರಲ್ಲಿ ನಿನ್ನ ಸೀರೆ?"

"ಮೂರು."

"ಮನೇಲಿ ಇರೋಳಿಗೆ ಇಸ್ತ್ರಿ ಸೀರೆ ಯಾಕಮ್ಮಾ? ಯಾರು ನೋಡ್ಬೇಕು?" ಅಂತ ಅವನು ನಮ್ಮ ಕಡೆ ತಿರುಗಿ ಕಣ್ಣು ಹೊಡೆದು ನಕ್ಕ. ನಾನೂ ನಕ್ಕೆ. ಸಂಯುಕ್ತಾ ಕೂಡ ನಕ್ಕರು. ಅವನು ಪರ್ಸು ತೆಗೆದು, ಬೆರಳಿಗೆ ಎಂಜಲು ಹಚ್ಚಿ, ಒಂದೊಂದೇ ನೋಟು ಬಿಡಿಸಿ ಅವರ ಅಂಗೈಗೆ ಹಾಕುವವರೆಗೂ ಅವರು ಕೈ ಚಾಚಿಕೊಂಡೇ ನಿಂತಿದ್ದರು. ಅಹಲ್ಯಾ ಆ ಕೈಯನ್ನೇ ನೋಡುತ್ತಿದ್ದಳು.

ವಾಪಸು ಬರುವಾಗ ಮೆಟ್ರೋದಲ್ಲಿ ಹೇಳಿದೆ, "ನೋಡಿದೆಯಾ, ಶಿಸ್ತು ಅಂದರೆ ಅದು."

"ನೋಡಿದೆ" ಅಂದಳು.

ಅವಳಿಗೇನು ಇದು ಹೊಸದಲ್ಲ. ಮಗಳು ಕೃತಿಗೆ ಐದು ವರ್ಷವಿದ್ದಾಗ ಯಾರೋ ಕಡತ ಕಳೆದರು, ಅಮಾನತಾದದ್ದು ನಾನು. ನನ್ನ ತಪ್ಪಿಲ್ಲ ಅಂತ ತೀರ್ಮಾನವಾಗುವವರೆಗೆ ಎಂಟು ತಿಂಗಳು ಅರ್ಧ ಸಂಬಳ. ಆಗ ಮನೆಯನ್ನು ಎಷ್ಟು ಅಚ್ಚುಕಟ್ಟಾಗಿ ನಡೆಸಿದೆ! ಬೀರುವಿನ ಕೀಲಿ ಸದಾ ನನ್ನ ಜೇಬಿನಲ್ಲಿ. ಅಹಲ್ಯಾ ಏನು ಕೇಳಿದರೂ ನನ್ನದು ಮೂರೇ ಪ್ರಶ್ನೆ: ಯಾವುದಕ್ಕೆ ಬೇಕು, ಯಾಕೆ ಬೇಕು, ಇದ್ದದ್ದು ಏನಾಯಿತು. ಉತ್ತರ ಸರಿ ಇದ್ದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಅವಳ ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ಸೇಫ್ಟಿ ಪಿನ್ ಹಾಕಿಕೊಂಡೇ ಆ ಚಳಿಗಾಲ ಪೂರ್ತಿ ಓಡಾಡಿದಳು. ಒಂದು ದಿನ ಕೃತಿಯ ಶಾಲೆಯ ಮುಂದೆ ಪಿನ್ ಬಿಚ್ಚಿಕೊಂಡು ಕಾಲಿಗೆ ಚುಚ್ಚಿ ರಕ್ತ ಬಂದಿತ್ತು. ಮನೆಗೆ ಬಂದು ಹೇಳಿದಾಗ ನಾನು, "ಇನ್ನೂ ದೊಡ್ಡ ಪಿನ್ ಹಾಕು" ಅಂತ ತಮಾಷೆ ಮಾಡಿದ್ದೆ. ಒಂದು ಮಾತು ಎದುರಾಡಲಿಲ್ಲ. ಯಾರ ಹತ್ತಿರವೂ ಒಂದು ಪೈಸೆ ಸಾಲ ಮಾಡದೆ ದಾಟಿಕೊಂಡೆವು.

ಅಂಥ ಹೆಂಗಸು ಈಗ ಹೀಗಾದಳಲ್ಲ ಅನ್ನುವುದೇ ನನ್ನ ಸಂಕಟ.

ಸೆಪ್ಟೆಂಬರ್ 17, ಬುಧವಾರ

ಒಂದೇ ದಿನ ಎರಡು ಡಬ್ಬ! ರೋಹಿಣಿಯಲ್ಲಿ ಕಲಿತು ಬಂದ ಪಾಠ ಇದು. ಥೂ.

ಕೃತಿಗೆ ಫೋನು ಮಾಡಿದೆ. ಗುರುಗ್ರಾಮದಲ್ಲಿ ಕೆಲಸ, ಅಲ್ಲೇ ಮೂವರು ಹುಡುಗಿಯರ ಜೊತೆ ಮನೆ ಮಾಡಿದ್ದಾಳೆ. ಅಮ್ಮನ ಫೋನಿಗೆ ಆ ಅಂಗಡಿಗಳನ್ನೆಲ್ಲ ತುಂಬಿಸಿ ಕೊಟ್ಟವಳು ಅವಳೇ.

"ನಿನ್ನ ಅಮ್ಮನಿಗೆ ಬುದ್ಧಿ ಹೇಳು."

"ಅಪ್ಪಾ, ಚಿಲ್ ಮಾಡಿ ನಾ. ಲೈಫ್ ಮೇ ಫಸ್ಟ್ ಟೈಮ್ ಅಮ್ಮ ಏನೋ ತಗೊಳ್ತಿದಾರೆ, ಲೇನೇ ದೋ, ತಗೊಳ್ಳಲಿ."

"ಏನು ತಗೊಳ್ತಿದಾಳೆ ಅಂತ ನಿನಗೆ ಗೊತ್ತಾ?"

"ನಹೀಂ. ನಿಮಗೆ ಗೊತ್ತಾ? ಕೇಳಿದ್ರಾ ಒಂದ್ಸಲ ಆದ್ರೂ?"

ಎಲ್ಲಿಂದ ಬಂತು ಈ ನಾಲಿಗೆ! ನಾನು ಯಾಕೆ ಕೇಳಬೇಕು? ಊಹಿಸುವುದೇನು ಕಷ್ಟ. ಅಂಟದ ತವಾ, ಗಾಳಿಯಲ್ಲೇ ಕರಿಯುವ ಮಿಷನ್ನು, ಬಣ್ಣ ಬದಲಾಯಿಸುವ ದೀಪ, ಯಾವನೋ ನಟನ, ಯಾವಳೋ ನಟಿಯ ಕೈಗಿಟ್ಟು ಮಾರುವ ಕಸ. ಒಂದು ಡಬ್ಬವನ್ನೂ ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಅವಳು ಬಿಚ್ಚಿ ನೋಡಿ, ಕಂದು ಟೇಪು ಹಚ್ಚಿ ಮತ್ತೆ ಮುಚ್ಚಿಡುತ್ತಾಳೆ. ಬಳಸುವುದೂ ಇಲ್ಲ! ಬಳಸದ ವಸ್ತುವನ್ನು ಕೊಳ್ಳುವುದಕ್ಕೆ ಏನನ್ನಬೇಕು?

ಸೆಪ್ಟೆಂಬರ್ 27, ಶನಿವಾರ

ಇವತ್ತು ಮುಗಿಸಿಬಿಟ್ಟೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ "ಕಾರ್ಡು ಕೊಡು" ಅಂದೆ. ಯಾಕೆ ಅಂತಲೂ ಕೇಳಲಿಲ್ಲ. ಒಳಗೆ ಹೋಗಿ ತಂದು ಕೊಟ್ಟಳು. ಬೀರುವಿನಲ್ಲಿಟ್ಟು ಕೀಲಿ ಹಾಕಿದೆ. ದಿನಸಿ ತರಕಾರಿಗೆ ವಾರಕ್ಕಿಷ್ಟು ಅಂತ ಅಡುಗೆಮನೆಯ ಡಬ್ಬದಲ್ಲಿ ಹಾಕಿಡುತ್ತೇನೆ, ಅದಕ್ಕಿಂತ ಹೆಚ್ಚು ಏನು ಬೇಕಾದರೂ ಹಿಂದಿನ ದಿನವೇ ನನಗೆ ಹೇಳಬೇಕು ಅಂದೆ.

"ಸರಿ" ಅಂದಳು.

ಅಳಲಿಲ್ಲ, ಕೂಗಲಿಲ್ಲ. ನನ್ನ ಮಾತು ಇಷ್ಟು ಸುಲಭವಾಗಿ ನಡೆಯುತ್ತದೆ ಅಂತ ಗೊತ್ತಿದ್ದರೆ ತಿಂಗಳ ಹಿಂದೆಯೇ ಹೇಳುತ್ತಿದ್ದೆ.

ಅಕ್ಟೋಬರ್ 9, ಗುರುವಾರ

ಫೋನು ಸುಮ್ಮನಿದೆ. ಮನೆ ಸುಮ್ಮನಿದೆ. ಬಾಗಿಲಿಗೆ ಯಾವ ಅಂಕಲ್‌ಜೀಯೂ ಇಲ್ಲ.

ಎರಡು ಪೇಪರು ಬರುತ್ತಿದ್ದದ್ದನ್ನು ಒಂದು ಮಾಡಿದೆ. ಸಂಜೆಯ ಬಿಸ್ಕತ್ತು ನಿಲ್ಲಿಸಿದೆ. ಪಾತ್ರೆ ತೊಳೆಯುವವಳಿಗೆ ಈ ತಿಂಗಳಿಂದ ಬೇಡ ಅಂತ ಹೇಳಲು ಅಹಲ್ಯಾಗೆ ಹೇಳಿದೆ. "ನೀವೇ ಹೇಳಿ" ಅಂದಳು. ನಾನೇ ಹೇಳಿದೆ. ಆ ಹೆಂಗಸು ನನ್ನನ್ನು ಬಿಟ್ಟು ಅಹಲ್ಯಾಳ ಮುಖವನ್ನೇ ನೋಡಿಕೊಂಡು ಹೋದಳು. ಎಲ್ಲರಿಗೂ ನನ್ನ ದುಡ್ಡಿನ ಮೇಲೇ ಕಣ್ಣು.

ಅಹಲ್ಯಾ ಈಗ ಏನನ್ನೂ ಕೇಳುವುದಿಲ್ಲ. ಒಂದು ಸಲವೂ ಕೇಳಿಲ್ಲ.

ಅಕ್ಟೋಬರ್ 18, ಶನಿವಾರ, ಧನ್‌ತೇರಸ್

ಇವತ್ತು ದಿಲ್ಲಿಗೆ ದಿಲ್ಲಿಯೇ ಬೀದಿಯಲ್ಲಿತ್ತು. ಧನ್‌ತೇರಸ್ ದಿನ ಲೋಹ ಕೊಂಡರೆ ಲಕ್ಷ್ಮಿ ಬರುತ್ತಾಳಂತೆ. ಚಮಚೆಯಿಂದ ಹಿಡಿದು ಕಾರಿನವರೆಗೆ ಕೊಂಡರು. ಖನ್ನಾ ಮಾರ್ಕೆಟ್ಟಿನ ಪಾತ್ರೆ ಅಂಗಡಿಯ ಮುಂದೆ ಒಬ್ಬ ದಪ್ಪ ಮನುಷ್ಯ ಬೆವರು ಸುರಿಸುತ್ತಾ ಪ್ರೆಶರ್ ಕುಕ್ಕರನ್ನು ಎದೆಗವಚಿಕೊಂಡು ನಿಂತಿದ್ದ. ನೋಡಲಾಗಲಿಲ್ಲ. ನಿನ್ನೆ ಆಫೀಸಿನಲ್ಲಂತೂ ಒಂದೇ ಸೋನ್‌ಪಾಪಡಿ ಡಬ್ಬ ನಾಲ್ಕು ಮೇಜು ಸುತ್ತಿ ನನ್ನ ಮೇಜಿಗೆ ವಾಪಸು ಬಂತು. ಕೊಡುವವನಿಗೂ ಬೇಡ, ತೆಗೆದುಕೊಳ್ಳುವವನಿಗೂ ಬೇಡ.

ಅಹಲ್ಯಾ ಮಧ್ಯಾಹ್ನ ಒಬ್ಬಳೇ ಕೋಟ್ಲಾ ಮಾರ್ಕೆಟ್ಟಿಗೆ ಹೋಗಿದ್ದಳು. ಇನ್ನೇನು ಹೊತ್ತು ತರುತ್ತಾಳೋ ಅಂದುಕೊಂಡಿದ್ದೆ. ಆದರೆ ಬರಿಗೈಯಲ್ಲಿ ಬಂದಳು! ಇಡೀ ಊರು ಚೀಲ ತುಂಬಿಕೊಂಡು ಬರುವ ದಿನ ನನ್ನ ಹೆಂಡತಿ ಬರಿಗೈಯಲ್ಲಿ. ಆ ಕೈಯಲ್ಲಿ ಅವಳ ತಾಯಿ ಕೊಟ್ಟ ಚಿನ್ನದ ಬಳೆಯೂ ಇರಲಿಲ್ಲ, ಗಾಜಿನವು ಮಾತ್ರ. ಮನೆ ಬದಲಾಯಿಸುವ ಗಲಾಟೆಯಲ್ಲಿ ಕಳ್ಳಕಾಕರ ಭಯ ಅಂತ ತೆಗೆದಿಟ್ಟಿರಬೇಕು. ಕೊನೆಗೂ ಬುದ್ಧಿ ಬಂತು. ನನಗೆ ನಿಜವಾಗಿ ಹೆಮ್ಮೆಯಾಯಿತು, ಅವಳಿಗೂ ಹೇಳಿದೆ.

"ಹೌದು" ಅಂದಳು.

ಅಕ್ಟೋಬರ್ 24, ಶುಕ್ರವಾರ

ಪಟಾಕಿಯ ಹೊಗೆ ಇನ್ನೂ ಹೋಗಿಲ್ಲ. ಕಣ್ಣು ಉರಿ, ಗಂಟಲು ಉರಿ. ಅದರ ಮೇಲೆ ಇವತ್ತು ಸಂಜೆ ಮನೆಗೆ ಬಂದರೆ ಸೈಕಲ್ ರಿಕ್ಷಾದಿಂದ ಅಹಲ್ಯಾ ಇಳಿಯುತ್ತಿದ್ದಾಳೆ, ಪಕ್ಕದಲ್ಲಿ ಎರಡು ದೊಡ್ಡ ಡಬ್ಬ. ರಿಕ್ಷಾದವನಿಗೆ ತನ್ನ ಪರ್ಸಿನಿಂದಲೇ ದುಡ್ಡು ಕೊಟ್ಟಳು.

"ಎಲ್ಲಿಂದ ಬಂತು ದುಡ್ಡು?"

"ಕದ್ದಿಲ್ಲ" ಅಂದಳು. ಅಷ್ಟೇ. ರಿಕ್ಷಾದವನ ಎದುರಿಗೇ.

ಕೃತಿಯೇ ಕೊಟ್ಟಿರಬೇಕು ಅಂತ ಫೋನು ಮಾಡಿ ಕೂಗಾಡಿದೆ. ಅವಳು ತಾನು ಒಂದು ರೂಪಾಯಿಯೂ ಕೊಟ್ಟಿಲ್ಲ ಅಂದಳು. "ಮೈ ದೂಂ ತೋ ಭೀ ಅಮ್ಮ ತಗೊಳಲ್ಲ, ಅಪ್ಪಾ. ನಾನು ಕೊಡೋಕೆ ಟ್ರೈ ಮಾಡಿದೀನಿ" ಅಂತ ಫೋನಿಟ್ಟಳು. ಸುಳ್ಳು. ತಾಯಿ ಮಗಳು ಸೇರಿಕೊಂಡಿದ್ದಾರೆ. ನಾನು ಯಾರ ಮುಂದೆ ಕೈಚಾಚಬಾರದು ಅಂತ ಹಲ್ಲುಕಚ್ಚಿಕೊಂಡು ಉಳಿಸುತ್ತಿದ್ದೇನೋ, ಅವಳ ಮುಂದೆಯೇ ನನ್ನ ಹೆಂಡತಿ ಆಗಲೇ ಕೈಚಾಚಿದ್ದಾಳೆ. ಅಸಹ್ಯವಾಗಿ ಊಟ ಬಿಟ್ಟು ಮಲಗಿದೆ.

ನವೆಂಬರ್ 28, ಶುಕ್ರವಾರ

ಮೂವತ್ತು ಭಾನುವಾರವಾದ್ದರಿಂದ ಇವತ್ತೇ ಬೀಳ್ಕೊಟ್ಟರು.

ಚೆಂಡುಹೂವಿನ ಹಾರ, ಶಾಲು, ತಣ್ಣಗಾದ ಸಮೋಸ. ನನ್ನ ಹೆಸರನ್ನು ಮುರಳೀಧರನ್ ಅಂತ ಹೇಳಿದ ಉಪ ಕಾರ್ಯದರ್ಶಿ ನನ್ನ ಬಗ್ಗೆ ಹತ್ತು ನಿಮಿಷ ಮಾತಾಡಿದರು. ನಾನು ಮದರಾಸಿನವನಂತೆ. "ಇವರಷ್ಟು ಜತನದಿಂದ ಸರ್ಕಾರದ ದುಡ್ಡು ಕಾಪಾಡಿದವರಿಲ್ಲ, ಒಂದು ಪೆನ್ನು ಕೇಳಿದರೂ ಹಳೆಯದು ಏನಾಯಿತು ಅಂತ ಕೇಳುತ್ತಿದ್ದರು" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಅಹಲ್ಯಾ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳೊಬ್ಬಳೇ ನಗಲಿಲ್ಲ.

ಪದ್ಧತಿಯಂತೆ ಆಫೀಸಿನ ಕಾರಿನಲ್ಲಿ ಮನೆಗೆ ಬಿಟ್ಟರು. ಜೊತೆಗೆ ಬಂದ ಐದಾರು ಜನಕ್ಕೆ ಅಹಲ್ಯಾ ಕೇಸರಿಬಾತು, ಬೋಂಡ ಮಾಡಿದ್ದಳು. ಒಬ್ಬ ತಿನ್ನುತ್ತಾ, "ಭಾಭೀಜೀ, ಇನ್ನು ಸಾಹೇಬರು ದಿನವಿಡೀ ಮನೆಯಲ್ಲೇ, ಹುಷಾರು" ಅಂದ.

"ನಾನು ತಯಾರಾಗಿದೀನಿ" ಅಂದಳು ಹಿಂದಿಯಲ್ಲಿ. ಅವರಿಗೆ ಅದು ತಮಾಷೆ ಅನ್ನಿಸಿತು.

ಅವರು ಹೋದ ಮೇಲೆ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಎಲ್ಲಾ ಬ್ಯಾಂಕಿನವರು, ವಿಮೆಯವರು, ನನ್ನ ಗ್ರ್ಯಾಚುಟಿಯನ್ನು ಹೂಡಿಸುವವರು. ಇಷ್ಟು ದಿನ ಎಲ್ಲಿದ್ದವು ಈ ನೊಣಗಳು?

ಡಿಸೆಂಬರ್ 6, ಶನಿವಾರ, ಘಾಜಿಯಾಬಾದ್

ಬಂದೆವು. ಏಳನೇ ಮಹಡಿ. ಕಿಟಕಿ ತೆಗೆದರೆ ಎದುರಿನ ಟವರಿನ ಕಿಟಕಿ. ಬೇವಿನ ಮರ ಇಲ್ಲ, ಬೂದು ಬಣ್ಣದ ಆಕಾಶ ಮಾತ್ರ.

ಸಾಮಾನು ಹೊರುವವರು ಅವಳ ಡಬ್ಬಗಳನ್ನು ಎತ್ತಿ, "ಹಗುರ ಇವೆ ಅಂಕಲ್, ಇದರಲ್ಲೇನಿದೆ?" ಅಂದರು. ಹಗುರ! ತವಾ ಹಗುರ ಇರುತ್ತದೆಯೇ? ಮಿಷನ್ನು? ಒಟ್ಟು ಒಂಬತ್ತು ಡಬ್ಬ. ಒಳಕೋಣೆಯ ಗೋಡೆಗೆ ಒತ್ತಿ ಪೇರಿಸಿಟ್ಟಿದ್ದಾಳೆ.

ನಾಳೆ ಬಿಚ್ಚಿ ನೋಡುತ್ತೇನೆ. ವಾಪಸು ಕೊಡಲು ಬರುವಂಥದ್ದಿದ್ದರೆ ವಾಪಸು. ಅವಳು ಏನಾದರೂ ಅನ್ನಲಿ.

ಡಿಸೆಂಬರ್ 7, ಭಾನುವಾರ

ಅವಳು ಸ್ನಾನಕ್ಕೆ ಹೋದಾಗ ಬಿಚ್ಚಿದೆ.

ಮೊದಲನೆಯದರಲ್ಲಿ ಚಪ್ಪಲಿ. ಹೆಂಗಸರ ಚಪ್ಪಲಿ, ಎಲ್ಲಾ ಆರನೇ ನಂಬರು. ಕಪ್ಪು, ಕಂದು, ಮಳೆಗಾಲಕ್ಕೆ ರಬ್ಬರಿನವು, ಮನೆಯೊಳಗೆ ಹಾಕಲು ಬಟ್ಟೆಯವು. ಒಂದೊಂದನ್ನೂ ಹಳೆಯ ಪೇಪರಿನಲ್ಲಿ ಸುತ್ತಿದ್ದಾಳೆ.

ಎರಡನೆಯದರಲ್ಲಿ ಲಂಗಗಳು, ಒಳ ಉಡುಪು, ಬ್ಲೌಸ್ ಬಟ್ಟೆ. ಮೂರನೆಯದರಲ್ಲಿ ಸ್ವೆಟರು, ಕಾಲುಚೀಲ, ಒಂದು ಶಾಲು. ಆಮೇಲಿನದರಲ್ಲಿ ನೋವಿನ ಮುಲಾಮಿನ ಬಾಟಲಿಗಳು, ತಲೆಗೆ ಹಚ್ಚುವ ಬಣ್ಣ, ಹೇರ್‌ಪಿನ್ನು, ಕುಂಕುಮ, ಸೂಜಿ ದಾರ, ಬಾಚಣಿಗೆ, ಸೋಪು. ಸೇಫ್ಟಿ ಪಿನ್ ಒಂದೂ ಇರಲಿಲ್ಲ. ಒಂದು ಸಣ್ಣ ಡಬ್ಬದಲ್ಲಿ ಓದುವ ಕನ್ನಡಕಗಳು, ನಾಲ್ಕು. ಒಂದು ಈಗಿನ ಅವಳ ನಂಬರು. ಉಳಿದವು ಅದಕ್ಕಿಂತ ಹೆಚ್ಚು, ಇನ್ನೂ ಹೆಚ್ಚು, ಇನ್ನೂ ಹೆಚ್ಚು. ಮುಂದೆ ಕಣ್ಣು ಮಂಜಾದ ಹಾಗೆ ಹಾಕಿಕೊಳ್ಳಲು.

ಒಂಬತ್ತು ಡಬ್ಬದಲ್ಲಿ ನನ್ನದು ಅಂತ ಒಂದು ಕರವಸ್ತ್ರವೂ ಇಲ್ಲ. ಮನೆಗೆ ಅಂತ ಒಂದು ಚಮಚೆಯೂ ಇಲ್ಲ.

ಅವಳು ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಏನಿದೆಲ್ಲ?" ಅಂದೆ.

"ನಾನು ಇರೋವರೆಗೆ ನನಗೆ ಬೇಕಾಗೋದು."

"ಇಷ್ಟೊಂದಾ?"

"ಕೇಳಿ. ಯಾವುದಕ್ಕೆ ಬೇಕು ಅಂತ ಕೇಳಿ. ಯಾಕೆ ಬೇಕು ಅಂತ ಕೇಳಿ. ಇದ್ದದ್ದು ಏನಾಯ್ತು ಅಂತ ಕೇಳಿ. ಎಲ್ಲಾ ಈಗಲೇ ಒಟ್ಟಿಗೆ ಕೇಳಿಬಿಡಿ. ಇನ್ನು ಮುಂದೆ ಕೇಳೋ ಕೆಲಸ ನಿಮಗೂ ಇರಲ್ಲ, ನನಗೂ ಇರಲ್ಲ." ಅವಳು ಕೂಗಲಿಲ್ಲ. ಹಾಲಿನವನ ಹತ್ತಿರ ಮಾತಾಡುವ ಹಾಗೆ ಹೇಳಿದಳು. "ಅರ್ಧ ಸಂಬಳ ಬಂದಾಗ ನೀವು ಏನಾಗ್ತೀರ ಅಂತ ನಾನು ಒಂದ್ಸಲ ನೋಡಿದೀನಿ. ಆಗ ವಯಸ್ಸಿತ್ತು, ತಡಕೊಂಡೆ. ಈ ವಯಸ್ಸಲ್ಲಿ ಒಂದು ಲಂಗಕ್ಕೆ ನಿಮ್ಮ ಮುಂದೆ ಕೈ ಒಡ್ಡಿ ನಿಲ್ಲೋಕೆ ನನ್ನಿಂದ ಆಗಲ್ಲ. ಸಂಯುಕ್ತಾ ಥರ ನಗೋಕೂ ಆಗಲ್ಲ."

ನಾನು ಕಾರ್ಡು ತೆಗೆದುಕೊಂಡ ಮೇಲೆ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದೆ. ಇದನ್ನೂ ಕೇಳಿದೆನಲ್ಲ!

"ಅಮ್ಮನ ಬಳೆ. ಧನ್‌ತೇರಸ್ ದಿನ ಮಾರಿದೆ. ಅಂಗಡಿಯವನು ಎರಡೆರಡು ಸಲ ಕೇಳಿದ, 'ಆಂಟೀಜೀ, ಆಜ್ ಕೇ ದಿನ್ ಬೇಚೇಂಗೀ?' ಅಂತ, ಎಲ್ಲರೂ ಕೊಳ್ಳೋ ದಿನ ನೀವು ಮಾರ್ತೀರಾ ಅಂತ. ಹೂಂ ಅಂದೆ."

ಅವಳು ಬಂದು ಕೂತು ಚಪ್ಪಲಿಗಳನ್ನು ಒಂದೊಂದಾಗಿ ಮತ್ತೆ ಪೇಪರಿನಲ್ಲಿ ಸುತ್ತತೊಡಗಿದಳು. ನಾನು ಒಂದನ್ನು ಸುತ್ತಲು ಹೋದೆ. "ಬಿಡಿ, ನಿಮಗೆ ಬರಲ್ಲ" ಅಂದಳು.

ಡಿಸೆಂಬರ್ 8, ಸೋಮವಾರ

ಇವತ್ತು ಬರೆಯಲು ಏನೂ ಇಲ್ಲ.

ಡಿಸೆಂಬರ್ 14, ಭಾನುವಾರ

ಅಹಲ್ಯಾಳ ಕಾರ್ಡು ವಾಪಸು ಕೊಟ್ಟೆ. ಎರಡೆರಡು ಕಾರ್ಡು ಬೀರುವಿನಲ್ಲಿ ಕೊಳೆಯುವುದು ಸರಿಯಲ್ಲ ಅಂತ ಅಷ್ಟೇ. "ನಿನಗೆ ಏನು ಬೇಕೋ ತಗೋ, ನನಗೆ ಹೇಳಬೇಕಾಗಿಲ್ಲ" ಅಂದೆ.

"ಅಡುಗೆಮನೆ ಡಬ್ಬದ ದುಡ್ಡು ಸಾಕು" ಅಂದಳು.

"ಅದು ಮನೆಗಾಯಿತು. ಇದು ನಿನಗೆ."

ತೆಗೆದುಕೊಂಡು ಸಾಸಿವೆ ಡಬ್ಬದ ಹಿಂದೆ ಇಟ್ಟಳು. ಜಗಳವಿಲ್ಲ, ಮುನಿಸೂ ಇಲ್ಲ. ಮಧ್ಯಾಹ್ನ ನನಗೆ ಇಷ್ಟ ಅಂತ ಹುಳಿಯವಲಕ್ಕಿ ಮಾಡಿದಳು. ನಮ್ಮ ಹತ್ತಿರ ಎಷ್ಟಿದೆ, ಸಾಲ ತೀರಿದ ಮೇಲೆ ತಿಂಗಳಿಗೆ ಎಷ್ಟು ಉಳಿಯುತ್ತದೆ ಅಂತ ಅವಳಿಗೆ ವಿವರಿಸಿ ಹೇಳಿದೆ. ಇಷ್ಟು ವರ್ಷದಲ್ಲಿ ಇದೇ ಮೊದಲು ಅಂತ ಕಾಣುತ್ತದೆ. ಕೇಳಿಸಿಕೊಂಡಳು. ಬೇರೆಯವರ ಮನೆಯ ವಿಷಯ ಕೇಳುವ ಹಾಗೆ ಕೇಳಿಸಿಕೊಂಡಳು.

ಡಿಸೆಂಬರ್ 21, ಭಾನುವಾರ

ಕೃಷ್ಣಮೂರ್ತಿ, ಸಂಯುಕ್ತಾ ಹೊಸ ಮನೆ ನೋಡಲು ಬಂದಿದ್ದರು. ಈ ಮನುಷ್ಯ ಇಷ್ಟು ಕೀಳಾದದ್ದು ಯಾವಾಗ? ಊಟವಾದ ಮೇಲೆ ಸಂಯುಕ್ತಾ ಕೆಳಗಿನ ಮೆಡಿಕಲ್ ಅಂಗಡಿಯಿಂದ ತಲೆನೋವಿನ ಮಾತ್ರೆ ತರುತ್ತೇನೆ ಅಂತ ಅವನ ಎದುರು ನಿಂತರು. "ಹೋದ ವಾರ ತಂದ ಮಾತ್ರೆ ಏನಾಯ್ತು?" ಅಂದ. ಅದೇ ನಗು, ಅದೇ ಎಂಜಲು ಬೆರಳು. ಈ ಸಲ ಸಂಯುಕ್ತಾ ನಗಲಿಲ್ಲ ಅಂತ ನನಗನ್ನಿಸಿತು, ಅಥವಾ ಹೋದ ಸಲವೂ ನಕ್ಕಿರಲಿಲ್ಲವೋ ಏನೋ.

ಅಹಲ್ಯಾ ಒಳಗೆ ಹೋಗಿ ತನ್ನ ಡಬ್ಬದಿಂದ ಒಂದು ಬಾಟಲಿ ಮುಲಾಮು, ಒಂದು ಜೊತೆ ಚಪ್ಪಲಿ ತಂದು ಸಂಯುಕ್ತಾರ ಚೀಲದಲ್ಲಿಟ್ಟಳು. "ನಂದೂ ಆರನೇ ನಂಬರೇ" ಅಂದರು ಅವರು. ಇಬ್ಬರೂ ಬಹಳ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದರು. ನಾನು ಕೃಷ್ಣಮೂರ್ತಿಯ ಜೊತೆ ಕೂತಿರಬೇಕಾಯಿತು. ಅವನನ್ನು ಇನ್ನು ಕರೆಯುವುದಿಲ್ಲ.

ಒಂದು ಜೊತೆ ಕಡಿಮೆಯಾಯಿತಲ್ಲ, ಅವಳಿಗೆ ಇನ್ನೊಂದು ಬೇಕಾಗಬಹುದು.

ಡಿಸೆಂಬರ್ 26, ಶುಕ್ರವಾರ

ಈ ಘಾಜಿಯಾಬಾದಿನಲ್ಲಿ ನೆಟ್‌ವರ್ಕ್ ಸರಿಯಿಲ್ಲ. ಬ್ಯಾಂಕಿನ ಮೆಸೇಜುಗಳು ಬರುತ್ತಿಲ್ಲ ಅನ್ನಿಸಿ ಇವತ್ತು ಶಾಖೆಗೇ ಹೋಗಿ ವಿಚಾರಿಸಿದೆ. ಕೌಂಟರಿನ ಹುಡುಗಿ ಕಂಪ್ಯೂಟರು ನೋಡಿ, "ಸರ್, ಮೆಸೇಜ್ ಸೇವೆ ಚಾಲೂ ಇದೆ. ಆ ಕಾರ್ಡಿನಲ್ಲಿ ಯಾವ ಖರ್ಚೂ ಆಗಿಲ್ಲ, ಅದಕ್ಕೇ ಬಂದಿಲ್ಲ" ಅಂದಳು. ಮತ್ತೊಮ್ಮೆ ನೋಡಲು ಹೇಳಿದೆ. ನೋಡಿದಳು. ಹಿಂದೆ ನಿಂತವರು ಗೊಣಗಿದರು.

ಒಂದು ಸರ್ಕಾರಿ ಬ್ಯಾಂಕೂ ನೆಟ್ಟಗೆ ಕೆಲಸ ಮಾಡುವುದಿಲ್ಲ.

ಡಿಸೆಂಬರ್ 31, ಬುಧವಾರ

ಮೊದಲ ಪಿಂಚಣಿ ಬಂತು. ಅರ್ಧ. ಯಾಕೋ ಅಷ್ಟೇನೂ ಅನ್ನಿಸಲಿಲ್ಲ.

ಸಂಜೆ ಅಹಲ್ಯಾ ಕೆಳಗಿನ ಮಾರ್ಕೆಟ್ಟಿಗೆ ಹೊರಟಳು. ಕಂದು ಬಣ್ಣದ ಹೊಸ ಚಪ್ಪಲಿ ಹಾಕಿಕೊಂಡಿದ್ದಳು, ಚಳಿಗೆ ಕಾಲುಚೀಲ. "ಕಾರ್ಡು ತಗೊಂಡೆಯಾ?" ಅಂದೆ. ಚೀಲ ತಟ್ಟಿ ತೋರಿಸಿದಳು. ನಾನು ನೆನಪಿಸಿದ್ದಕ್ಕೆ ತೆಗೆದುಕೊಂಡಳೋ, ಮೊದಲೇ ತೆಗೆದುಕೊಂಡಿದ್ದಳೋ ಗೊತ್ತಾಗಲಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ಸಾಸಿವೆ ಡಬ್ಬದ ಹಿಂದೆ ನೋಡಿದೆ. ಅಲ್ಲಿರಲಿಲ್ಲ. ನಿಜವಾಗಿಯೂ ತೆಗೆದುಕೊಂಡು ಹೋಗಿದ್ದಳು.

ಫೋನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಇವತ್ತು ಹೊಸ ವರ್ಷದ ಹಿಂದಿನ ದಿನ. ಮಾರ್ಕೆಟ್ಟೆಲ್ಲ ದೀಪ, ಎಲ್ಲಾ ಕಡೆ ಸೇಲು. ಏನಾದರೂ ಕಣ್ಣಿಗೆ ಬೀಳಬಹುದು. ಬಳೆ ಅಂಗಡಿಯೂ ಇದೆಯಲ್ಲ ಆ ಸಾಲಿನಲ್ಲಿ. ಏನು ಬೇಕಾದರೂ ಕೊಳ್ಳಲಿ, ಆ ಗಾಳಿಯಲ್ಲಿ ಕರಿಯುವ ಮಿಷನ್ನಾದರೂ ಕೊಳ್ಳಲಿ.

ಟಣ್ ಅಂದಿತು.

ಕನ್ನಡಕ ಹುಡುಕಲು ಆತುರದಲ್ಲಿ ಎದ್ದು ಸ್ಟೂಲಿಗೆ ಎಡವಿದೆ. ಕೈಗೆ ಸಿಕ್ಕಿದ್ದು ಅವಳದು, ಅದನ್ನೇ ಹಾಕಿಕೊಂಡು ಓದಿದೆ. 'ಪ್ರಿಯ ಪಿಂಚಣಿದಾರರೇ, ನಿಮಗಾಗಿ ವಿಶೇಷ ಸಾಲ.' ಥೂ! ಈ ಬ್ಯಾಂಕಿನವರ ಮುಖಕ್ಕೆ ಬೆಂಕಿ ಹಾಕ.

ಅವಳು ಬಂದಾಗ ಕತ್ತಲಾಗಿತ್ತು. ಚೀಲ ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಮೆಂತ್ಯ ಸೊಪ್ಪು, ಮೂಲಂಗಿ, ಬಟಾಣಿ.

"ಏನೂ ತಗೊಳ್ಳಲಿಲ್ಲವಾ?" ಅಂದೆ.

"ತಂದೆನಲ್ಲ, ತರಕಾರಿ."

"ನಿನಗೆ. ನಿನಗೇ ಅಂತ."

ಅವಳು ಕಾರ್ಡನ್ನು ತೆಗೆದು ಸಾಸಿವೆ ಡಬ್ಬದ ಹಿಂದೆ ಇಟ್ಟಳು. ಬಟಾಣಿ ಸುಲಿಯಲು ಕೂತಳು. ನಾನು ಹೋಗಿ ಎದುರಿಗೆ ಕೂತು ಒಂದು ಹಿಡಿ ಕಾಯಿ ಎತ್ತಿಕೊಂಡೆ. ಈ ಸಲ ಬಿಡಿ ಅನ್ನಲಿಲ್ಲ.

"ನನಗೇನು ಬೇಕು?" ಅಂದಳು. "ಎಲ್ಲಾ ಇದೆಯಲ್ಲ."